ಏಳನೇ ಗೇಟಿನ ಪೊಟ್ಟಣ

ಆಟ ಶುರುವಾಗಲು ಇನ್ನೂ ಒಂದು ಗಂಟೆಯಿತ್ತು. ಕ್ರೀಡಾಂಗಣದ ಏಳನೇ ಗೇಟಿನ ಪಕ್ಕದ ನೀಲಿ ಡ್ರಮ್ಮು ಆಗಲೇ ತುಂಬಿ ತುಳುಕುತ್ತಿತ್ತು. ನೀರಿನ ಬಾಟಲಿಗಳು, ಬಾಚಣಿಗೆಗಳು, ಹಿಡಿ ಮುರಿದ ಒಂದು ಕೊಡೆ, ಯಾರದೋ ಮಗುವಿನ ಗಿಲಕಿ. ಎಲ್ಲ ಜನರ ಕೈಯಿಂದ ಕಿತ್ತುಕೊಂಡದ್ದು. ನೆತ್ತಿ ಸುಡುವ ಬಿಸಿಲಿನಲ್ಲಿ ನಲವತ್ತು ಸಾವಿರ ಜನರ ನೀರು ಕಿತ್ತುಕೊಂಡು ಒಳಗೆ ಅದನ್ನೇ ಮೂರು ಪಟ್ಟು ಬೆಲೆಗೆ ಮಾರುವುದಕ್ಕೂ ಭದ್ರತೆ ಎಂದೇ ಹೆಸರು. ಅತ್ತ ಒಂದನೇ ಗೇಟಿನಲ್ಲಿ ಕಪ್ಪು ಗಾಜಿನ ಕಾರುಗಳು ಸರಸರನೆ ಒಳಗೆ ಹೋಗುತ್ತಿದ್ದವು. ಅಲ್ಲಿನ ಕಾವಲುಗಾರನಿಗೆ ಸಲಾಮು ಹೊಡೆಯುವುದಷ್ಟೇ ಕೆಲಸ.

ಏಳನೇ ಗೇಟಿನಲ್ಲಿ ಹೆಂಗಸರನ್ನು ತಡವಿ ನೋಡುವವಳು ಜರಡಿ. ಹೆತ್ತವರಿಟ್ಟ ಹೆಸರು ಬೇರೆ, ಇದು ಗೇಟಿನವರು ಇಟ್ಟದ್ದು. ಹನ್ನೊಂದು ವರ್ಷದಲ್ಲಿ ಅವಳ ಬೆರಳ ಸಂದಿಯಿಂದ ಒಂದು ಸೂಜಿಯೂ ನುಸುಳಿಲ್ಲ ಎಂಬ ಮೆಚ್ಚುಗೆ ಅರ್ಧ, ಗೇಲಿ ಅರ್ಧ ಅದರಲ್ಲಿತ್ತು. ಅವತ್ತು ಮಧ್ಯಾಹ್ನ ಸಿಬ್ಬಂದಿಗೆ ಕೊಡುವ ಎರಡು ಪಾಸಿನಲ್ಲಿ ಅವಳ ಮಗಳೂ ತಮ್ಮನೂ ಬಂದಿದ್ದರು. ಮಗಳೆಂದು ಬಿಟ್ಟಳೇ? ಜೇಬು ತಡವಿದಳು, ಕಾಲುಚೀಲ ಮುಟ್ಟಿ ನೋಡಿದಳು, ಕೈಯಲ್ಲಿದ್ದ ಹಸಿರು ಬಾಟಲಿ ಕಿತ್ತು ಡ್ರಮ್ಮಿಗೆ ಹಾಕಿದಳು.

"ಅಮ್ಮಾ, ನೀನೇ ಬೆಳಗ್ಗೆ ತುಂಬಿಸಿ ಕೊಟ್ಟೆಯಲ್ಲ!"

"ಮನೇಲಿ ಅಮ್ಮ. ಇಲ್ಲಿ ಜರಡಿ. ನಡಿ ಒಳಗೆ, ಮಾಮನ ಕೈ ಬಿಡಬೇಡ."

ಗಂಡಸರ ಸಾಲಿನಲ್ಲಿ ತಪಾಸಣೆಗೆ ನಿಂತಿದ್ದ ಮೀಸೆ ಗೊಳ್ಳನೆ ನಕ್ಕ. ಮುಖದಲ್ಲಿ ಮೀಸೆ ಬಿಟ್ಟು ಬೇರೇನೂ ಕಾಣದಿದ್ದುದರಿಂದ ಅವನ ಹೆಸರೂ ಅದೇ. "ಅಕ್ಕ, ನಾಳೆ ನಿಮ್ಮ ಅತ್ತೆ ಬಂದ್ರೆ ಹಲ್ಲಿನ ಸೆಟ್ಟನ್ನೂ ತೆಗೆಸ್ತೀರಾ?"

"ಅವರು ಬಂದ್ರೆ ಮೊದಲು ನಾಲಿಗೆ ತೆಗೆಸ್ತೀನಿ. ಆಯುಧ ಅಂದ್ರೆ ಅದೇ."

ಇಷ್ಟು ಬಿಗಿಯಾದ ಗೇಟಿನಲ್ಲೂ ಒಂದು ಗುಟ್ಟಿನ ತೂತಿತ್ತು. ಅದನ್ನು ಕೊರೆದವರು ಮೇಲಿನವರು.

ಪ್ರತಿ ಪಂದ್ಯದ ದಿನ ಗೇಟುಗಳಿಗೆ ಪರೀಕ್ಷೆ ನಡೆಯುತ್ತಿತ್ತು. ಪ್ರೇಕ್ಷಕರ ಹಾಗೆ ಟಿಕೆಟ್ ಹಿಡಿದ ಒಬ್ಬರು ಚೀಲದ ತಳದಲ್ಲಿ ಡಮ್ಮಿ ಇಟ್ಟುಕೊಂಡು ಸಾಲಿನಲ್ಲಿ ಬರುವರು. ಡಮ್ಮಿ ಎಂದರೆ ಕಬ್ಬಿಣದ ಪಟ್ಟಿ ಹೊಡೆದ ಒಂದು ಮರದ ತುಂಡು, ಸುತ್ತ ಕಪ್ಪು ಪ್ಲಾಸ್ಟಿಕ್ಕು, ಮೇಲೆ ಕಪ್ಪು ಟೇಪು. ಹಿಡಿದರೆ ಗೇಟು ಪಾಸು. ಬಿಟ್ಟರೆ ಅಲ್ಲಿದ್ದವರು ಮನೆಗೆ. ಆದರೆ ಗೇಟು ಫೇಲಾದರೆ ಕಾವಲುಗಾರರನ್ನು ಒದಗಿಸುವ ಕಂಪನಿಯ ಗುತ್ತಿಗೆಗೂ ಕುತ್ತು. ಹಾಗಾಗಿ ಸೂಪರ್‌ವೈಸರ್ ಬೆಳಗ್ಗೆಯೇ ಕಿವಿಯಲ್ಲಿ ಊದಿಬಿಡುತ್ತಿದ್ದ, ಇಂಥ ಬಟ್ಟೆ, ಇಂಥ ಚೀಲ, ಇಷ್ಟು ಹೊತ್ತಿಗೆ ಎಂದು. ಉತ್ತರಪತ್ರಿಕೆಯನ್ನು ಮೊದಲೇ ಹಂಚುವ ಶಾಲೆಯಲ್ಲಿ ಎಲ್ಲರೂ ಮೊದಲ ದರ್ಜೆ. ಡಮ್ಮಿ ಸಿಕ್ಕಿತೆಂದು ಪುಸ್ತಕದಲ್ಲಿ ಬರೆದು ಅದನ್ನು ತಂದವರಿಗೇ ವಾಪಸು ಕೊಟ್ಟು ಒಳಕ್ಕೆ ಬಿಡುವುದು ರೂಢಿ. ಹೊರಗಿನ ನೂಕುನುಗ್ಗಲನ್ನು ಸೀಳಿಕೊಂಡು ಮುಂದಿನ ಗೇಟಿಗೆ ಹೋಗುವುದಕ್ಕಿಂತ ಒಳಗಿನ ಓಣಿಯಲ್ಲಿ ಹೋದರೆ ಎರಡೇ ನಿಮಿಷ.

ಅವತ್ತಿನ ಉತ್ತರ: ನೀಲಿ ಸ್ಕಾರ್ಫು, ಕಂದು ಚೀಲ, ಎರಡೂವರೆ ಸುಮಾರಿಗೆ.

ಎರಡು ಇಪ್ಪತ್ತಕ್ಕೆ ನೀಲಿ ಸ್ಕಾರ್ಫು ಬಂತು. ಐವತ್ತರ ಆಸುಪಾಸಿನ ಹೆಂಗಸು, ಹೆಗಲಲ್ಲಿ ಕಂದು ಚೀಲ. ಜರಡಿ ಚೀಲದೊಳಗೆ ಕೈ ಹಾಕಿದಳು. ತಳದಲ್ಲಿ ಇಟ್ಟಿಗೆಯಂಥ ಗಟ್ಟಿ ಪೊಟ್ಟಣ, ಕಪ್ಪು ಪ್ಲಾಸ್ಟಿಕ್ಕು, ಕಪ್ಪು ಟೇಪು. ಹೆಂಗಸು ಏನೋ ಹೇಳಲು ಬಾಯಿ ತೆರೆದಳು.

"ಗೊತ್ತು ಬಿಡಿ," ಎಂದು ಜರಡಿ ಕಣ್ಣು ಮಿಟುಕಿಸಿದಳು. "ಸಿಕ್ತು. ಬರ್ಕೊಂಡೆ. ನೀವು ಹೊರಡಿ."

"ಒಳಗೆ ತಗೊಂಡು ಹೋಗ್ಬಹುದಾ?"

"ಮತ್ತೆ ನಾನಿಟ್ಕೊಂಡು ಏನ್ ಮಾಡ್ಲಿ?"

ಹೆಂಗಸು ಎರಡು ಹೆಜ್ಜೆ ಹೋಗಿ ತಿರುಗಿದಳು. "ಮೇಲಿನ ಮೆಟ್ಟಿಲಿಗೆ ಹಿಡ್ಕೊಳ್ಳೋ ಕಂಬಿ ಇದ್ಯಾ?"

"ಇದೆ, ಇದೆ," ಎಂದು ಹೇಳಿ ಜರಡಿ, ಪರವಾಗಿಲ್ಲ, ಈ ಸಲದವಳು ನಟನೆ ಕಲಿತು ಬಂದಿದ್ದಾಳೆ ಎಂದುಕೊಂಡಳು. ಪೊಟ್ಟಣ ಬಿಚ್ಚಿ ನೋಡಲಿಲ್ಲ. ಡಮ್ಮಿಯನ್ನು ಯಾರಾದರೂ ಬಿಚ್ಚಿ ನೋಡುತ್ತಾರೆಯೇ?

ಎರಡು ನಲವತ್ತಕ್ಕೆ ಇನ್ನೊಂದು ನೀಲಿ ಸ್ಕಾರ್ಫು ಬಂತು.

ಇವಳು ಚಿಕ್ಕವಳು, ಚೂಯಿಂಗ್ ಗಮ್ ಜಗಿಯುತ್ತಿದ್ದಳು. ಕಂದು ಚೀಲವನ್ನು ತಾನೇ ತೆರೆದು ಹಿಡಿದಳು. "ಬೇಗ ಬರ್ಕೊಳ್ಳಿ ಅಕ್ಕ. ಇನ್ನೂ ಐದು ಗೇಟಿದೆ."

ಜರಡಿಯ ಕೈ ಚೀಲದಲ್ಲೇ ನಿಂತಿತು. ಬೆರಳಿಗೆ ಮರದ ತುಂಡು ತಾಗಿತು, ಮರಕ್ಕೆ ಹೊಡೆದ ಪಟ್ಟಿಯ ಅಂಚು ತಾಗಿತು.

"ಪರೀಕ್ಷೆಯವಳು ನೀನಾ?"

"ಇನ್ಯಾರು?"

"ನಿನ್ನ ಜೊತೆ ಇನ್ನೊಬ್ಬರು ಬಂದಿದ್ದಾರಾ?"

"ಇಲ್ಲಪ್ಪ. ನಾನೊಬ್ಬಳೇ. ಯಾಕಕ್ಕ, ಮುಖ ಯಾಕೆ ಹಾಗಾಯ್ತು?"

ಜರಡಿ ಡಮ್ಮಿಯನ್ನು ಎಳೆದು ತನ್ನ ಕೋಟಿನ ಜೇಬಿಗೆ ತುರುಕಿದಳು. ಯಾಕೆಂದು ಅವಳಿಗೂ ಗೊತ್ತಿರಲಿಲ್ಲ. ಇನ್ನೊಂದು ಪೊಟ್ಟಣವನ್ನು ಕೈಬಿಡಲು ಆ ಕೈಗೆ ಧೈರ್ಯವಿರಲಿಲ್ಲ, ಅಷ್ಟೇ. ಸಾಲನ್ನು ನಿಲ್ಲಿಸಿ ಸೂಪರ್‌ವೈಸರನ ಬಳಿಗೆ ಓಡಿದಳು. ಅವನು ನೆರಳಲ್ಲಿ ನಿಂತು ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ಸಾರ್, ಯಾವುದೋ ಪೊಟ್ಟಣ ಒಳಗೆ ಹೋಗಿದೆ. ಡಮ್ಮಿ ಅಂದ್ಕೊಂಡು ನಾನೇ ಕೈಯಾರೆ ಕೊಟ್ಟು ಕಳಿಸಿದೆ."

ಅವನು ಅತ್ತ ಇತ್ತ ನೋಡಿದ. "ಮೆತ್ತಗೆ ಮಾತಾಡಿ. ಏನಿತ್ತು ಅದರಲ್ಲಿ?"

"ಗೊತ್ತಿದ್ರೆ ಓಡಿ ಬರ್ತಿದ್ನಾ?"

"ಗೊತ್ತಿಲ್ಲ ಅಂದ್ಮೇಲೆ ಏನೂ ಇಲ್ಲ ಅಂತಾನೇ ಇಟ್ಕೊಳ್ಳಿ. ಊಟದ ಡಬ್ಬಿ ಇರುತ್ತೆ."

"ಊಟದ ಡಬ್ಬಿಗೆ ಟೇಪ್ ಯಾಕೆ ಸುತ್ತುತಾರೆ ಸಾರ್? ಕಂಟ್ರೋಲ್ ರೂಮಿಗೆ ಹೇಳಿ."

"ಏನಂತ ಹೇಳ್ಲಿ? ಪರೀಕ್ಷೆ ಯಾರು, ಯಾವಾಗ ಅಂತ ನಾವೇ ಮೊದಲು ಹೇಳಿಕೊಡ್ತೀವಿ, ಅದಕ್ಕೇ ಹೀಗಾಯ್ತು ಅಂತಾನಾ? ಗೇಟಿನಲ್ಲಿ ಒಬ್ಬರೂ ಉಳಿಯಲ್ಲ. ಮೊದಲು ಹೋಗೋರು ನೀವು. ನಿಮ್ಮ ಸಂಬಳದ ಮೇಲೆ ತಾನೇ ಮನೆ ನಿಂತಿರೋದು?"

ಅದು ನಿಜವೇ. ಗಂಡನ ಬೆನ್ನು ಮುರಿದು ಎರಡು ವರ್ಷ. ಅತ್ತೆಗೆ ಕೈ ನಡುಕ. ಆ ಮನೆಯಲ್ಲಿ ಬೆಳಗ್ಗೆ ಹೊರಟು ಸಂಜೆ ಬರುವ ಚಪ್ಪಲಿ ಒಂದೇ ಜೊತೆ. ಸೂಪರ್‌ವೈಸರ್ ದನಿ ಇಳಿಸಿದ.

"ಅಷ್ಟು ಭಯ ಆದ್ರೆ ತಮ್ಮನಿಗೆ ಫೋನ್ ಮಾಡಿ, ಮಗಳನ್ನ ಹೊರಗೆ ಕರೆಸ್ಕೊಳ್ಳಿ. ಬೇರೆಯವರ ಗೊಡವೆ ನಿಮಗ್ಯಾಕೆ?"

ಅವಳ ಬೆರಳು ಫೋನಿನ ಮೇಲಿತ್ತು. ಅದನ್ನು ಆಗಲೇ ಜೇಬಿನಿಂದ ತೆಗೆದಿದ್ದಳು. ತಮ್ಮನ ಹೆಸರನ್ನು ಆಗಲೇ ಒತ್ತಿದ್ದಳು. ತಾನು ಯೋಚಿಸಿದ್ದನ್ನೇ ಇವನ ಬಾಯಲ್ಲಿ ಕೇಳಿದಾಗ ಮೈ ಮೇಲೆ ಕೊಳೆ ನೀರು ಎರಚಿದಂತಾಯಿತು. ಸಾಲಿನ ಕಡೆ ನೋಡಿದಳು. ಹೆಗಲ ಮೇಲೆ ಮಕ್ಕಳನ್ನು ಹೊತ್ತವರು, ಬಾಟಲಿ ಒಪ್ಪಿಸಿ ಒಣ ತುಟಿ ಸವರಿಕೊಳ್ಳುತ್ತ ಒಳಗೆ ಹೋಗುವವರು. ಅವರೆಲ್ಲ ಇವಳ ಎದುರು ಕೈ ಎತ್ತಿ ನಿಂತದ್ದು ಯಾಕೆ? ಇವಳು ನೋಡುತ್ತಾಳೆಂಬ ನಂಬಿಕೆಯಿಂದ.

ಫೋನ್ ಕತ್ತರಿಸಿ, ಸೂಪರ್‌ವೈಸರನ ಸೊಂಟದಲ್ಲಿದ್ದ ವಾಕಿಟಾಕಿ ಕಿತ್ತುಕೊಂಡಳು.

"ಏಳನೇ ಗೇಟು. ತೆಗೆದು ನೋಡದ ಒಂದು ಪೊಟ್ಟಣ ಒಳಗೆ ಹೋಗಿದೆ. ಬಿಟ್ಟವಳು ನಾನೇ. ನೀಲಿ ಸ್ಕಾರ್ಫು, ಕಂದು ಚೀಲ, ಐವತ್ತು ವರ್ಷದ ಹೆಂಗಸು. ಮೈಕಿನಲ್ಲಿ ಹೇಳಬೇಡಿ, ಜನ ಗಾಬರಿಬಿದ್ದು ತುಳಿದಾಡ್ತಾರೆ. ಮೇಲೆ ಮೆಟ್ಟಿಲ ಕಂಬಿ ಪಕ್ಕದ ಸಾಲು ನೋಡಿ. ನಾನೂ ಬರ್ತಿದ್ದೀನಿ."

"ನಿಮಗೆ ತಲೆ ಕೆಟ್ಟಿದ್ಯಾ?" ಎಂದು ಸೂಪರ್‌ವೈಸರ್ ವಾಕಿಟಾಕಿಗೆ ಕೈ ಹಾಕುವಷ್ಟರಲ್ಲಿ ಮಾತು ಎಲ್ಲ ಹದಿನಾಲ್ಕು ಗೇಟಿಗೂ ಮುಟ್ಟಿತ್ತು. ಮೇಜಿನ ಮೇಲಿದ್ದ ಪುಸ್ತಕ ಎಳೆದುಕೊಂಡು ಜರಡಿ ಒಂದು ಸಾಲು ಗೀಚಿದಳು. ಆಮೇಲೆ ಪುಸ್ತಕವನ್ನು ಕಂಕುಳಲ್ಲಿಟ್ಟುಕೊಂಡೇ ಓಡಿದಳು. ಇಲ್ಲೇ ಬಿಟ್ಟರೆ ಸಂಜೆಗೆ ಆ ಹಾಳೆ ಇರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಒಳಗೆ ಎರಡನೇ ಸುತ್ತಿನ ತಪಾಸಣೆ. ಬಾಗಿಲಿನಂತಿದ್ದ ಯಂತ್ರದಡಿ ಅವಳು ನುಗ್ಗಿದಾಗ ಅದು ಕುಂಯ್ ಎಂದಿತು. ಬೆಳಗಿನಿಂದ ಬೆಲ್ಟಿಗೂ ಕೀಲಿಕೈಗೂ ಕುಂಯ್ ಎನ್ನುತ್ತಲೇ ಇದ್ದು ಅದರ ಕೂಗಿಗೆ ಬೆಲೆಯೇ ಉಳಿದಿರಲಿಲ್ಲ. ಕಾವಲುಗಾರ ತಲೆ ಎತ್ತಲಿಲ್ಲ. ಮೂರನೇ ಸುತ್ತಿನವನು ಸಮವಸ್ತ್ರ ನೋಡಿ ಹಗ್ಗ ಎತ್ತಿದ. ಮೆಟ್ಟಿಲು ಹತ್ತುವಾಗ ಜೇಬಿನ ಡಮ್ಮಿ ತೊಡೆಗೆ ಬಡಿಯುತ್ತಿತ್ತು.

ಮೇಲೆ ಕಣ್ಣು ಕುಕ್ಕುವ ಬಿಸಿಲು, ತಲೆಗಳ ಸಮುದ್ರ. ಕಂಬಿಯುದ್ದಕ್ಕೂ ಕಣ್ಣಾಡಿಸಿದಳು. ಹತ್ತನೇ ಸಾಲು, ಹನ್ನೊಂದು, ಹನ್ನೆರಡು. ಅಲ್ಲಿ ನೀಲಿ ಬಣ್ಣ. ಹೆಂಗಸಿನ ತೊಡೆಯ ಮೇಲೆ ಚೀಲ, ಚೀಲದೊಳಗೆ ಕೈ. ಅವಳ ಪಕ್ಕದಲ್ಲಿ ಕಂಬಿ ಹಿಡಿದು ಕೂತ ಗಂಡಸು, ಕಣ್ಣಿಗೆ ಕಪ್ಪು ಕನ್ನಡಕ. ಹೆಂಗಸು ಪೊಟ್ಟಣ ಹೊರಗೆ ತೆಗೆದು ಉಗುರಿನಿಂದ ಟೇಪು ಎಬ್ಬಿಸತೊಡಗಿದಳು.

"ಬ್ಯಾಟರಿ ಹಾಕಿದ್ಯಾ?" ಎಂದು ಗಂಡಸು ಕೇಳಿದ್ದು ಜರಡಿಗೆ ಕೇಳಿಸಿತು. "ಶುರುವಾಗೋಕೆ ಮುಂಚೆ ಹಾಕ್ಬೇಕು."

ಕೆಳಗಿನ ಸಾಲಿನಲ್ಲಿ ಎರಡು ಜಡೆಯ ಹುಡುಗಿಯೊಬ್ಬಳು ಕಾಲಾಡಿಸುತ್ತ ಕೂತಿದ್ದಳು. ತನ್ನ ಮಗಳಲ್ಲ. ಆದರೂ ಅವಳಿಗೂ ಹೆಂಗಸಿಗೂ ನಡುವೆ ಮೈ ಅಡ್ಡವಾಗುವ ಹಾಗೆ ಜರಡಿ ಇಳಿದು ನಿಂತಳು.

"ಅಕ್ಕಾ, ಅದನ್ನ ಹಾಗೇ ಇಡಿ. ಕೈ ಆಡಿಸಬೇಡಿ."

ಹೆಂಗಸು ಬೆಚ್ಚಿದಳು. "ನೀವೇ ತಾನೇ ವಾಪಸ್ ಕೊಟ್ಟಿದ್ದು?"

"ನಾನೇ. ತಪ್ಪಾಯ್ತು. ಏನದು, ಬಾಯಲ್ಲಿ ಹೇಳಿ."

"ಯಾರದು?" ಎಂದ ಗಂಡಸು. ಮುಖ ಜರಡಿಯ ಕಡೆಗಿರಲಿಲ್ಲ, ಅವಳ ದನಿ ಬಂದ ಜಾಗದಿಂದ ಒಂದು ಗೇಣು ಪಕ್ಕಕ್ಕಿತ್ತು.

"ರೇಡಿಯೋ," ಎಂದಳು ಹೆಂಗಸು ಅಳುಮೋರೆಯಲ್ಲಿ. "ಇವರಿಗೆ ಕಣ್ಣು ಕಾಣಲ್ಲ. ಜನರ ಸದ್ದು ಬೇಕು ಅಂತ ಬರ್ತಾರೆ, ಏನಾಗ್ತಿದೆ ಅಂತ ಇದರಲ್ಲಿ ಕೇಳ್ತಾರೆ. ಹಿಂದಿನ ಮುಚ್ಚಳ ಮುರಿದಿದೆ, ಬೆವರಿಗೆ ಕೆಡಬಾರದು ಅಂತ ಸುತ್ತಿದ್ದೆ. ಗೇಟಿನಲ್ಲಿ ಹೇಳೋಕೆ ಹೋದ್ರೆ ನೀವು ಕಣ್ಣು ಹೊಡೆದ್ರಿ."

ಟೇಪಿನ ಸಂದಿಯಿಂದ ರೇಡಿಯೋದ ಗುಂಡಿಯೊಂದು ಇಣುಕುತ್ತಿತ್ತು. ಜರಡಿ ಅಲ್ಲೇ ಮೆಟ್ಟಿಲ ಮೇಲೆ ಕುಸಿದು ಕೂತಳು. ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಉಸಿರು ಹತೋಟಿಗೆ ಬಂದ ಮೇಲೆ ಹುಟ್ಟಿದ್ದು ಸಿಟ್ಟು. ಈ ಸಲ ರೇಡಿಯೋ. ಇದು ರೇಡಿಯೋ ಆಗಿದ್ದಕ್ಕೆ ಗೇಟು ಕಾರಣವಲ್ಲ, ಯಂತ್ರ ಕಾರಣವಲ್ಲ, ಜರಡಿಯೂ ಕಾರಣವಲ್ಲ.

ಭದ್ರತಾ ಅಧಿಕಾರಿಯ ಕೋಣೆ ತಣ್ಣಗಿತ್ತು. ಗೋಡೆಯ ಮೇಲೆ ದೊಡ್ಡ ಬೋರ್ಡು: ಈ ವರ್ಷದ ಪರೀಕ್ಷೆಗಳು, ನೂರಕ್ಕೆ ನೂರು ಪಾಸು. ಸೂಪರ್‌ವೈಸರ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ. ಹೇಳಿಕೆಗೆಂದು ಕರೆಸಿದ್ದ ಮೀಸೆಯೂ ಬೇರೆ ಗೇಟಿನವರೂ ಹೊರಗಿನ ಓಣಿಯಲ್ಲಿದ್ದರು.

"ಒಂದು ಮುರುಕಲು ರೇಡಿಯೋಗೆ ಇಡೀ ಕ್ರೀಡಾಂಗಣಾನೇ ಎಬ್ಬಿಸಿಬಿಟ್ಟಿರಲ್ಲಮ್ಮ," ಎಂದರು ಅಧಿಕಾರಿ. "ನಮ್ಮ ತಪಾಸಣೇಲಿ ತೂತಿಲ್ಲ. ತೂತಿರೋದು ನಿಮ್ಮ ತಲೇಲಿ. ಮೂರು ಸುತ್ತು ದಾಟಿ ಒಂದು ಇರುವೆನೂ ಬರಲ್ಲ ಇಲ್ಲಿಗೆ. ಆ ಪುಸ್ತಕ ಕೊಡಿ. ಇವತ್ತಿನ ಹಾಳೆ ಹರಿದು ಹೊಸದಾಗಿ ಬರೆಯಿರಿ. ಹಾಗಾದ್ರೆ ಕೆಲಸ ಉಳಿಯೋದರ ಬಗ್ಗೆ ಮಾತಾಡೋಣ."

ಒಂದು ಕ್ಷಣ ಜರಡಿಗೆ ಮನೆಯ ಬಾಗಿಲ ಬಳಿಯ ಆ ಒಂದು ಜೊತೆ ಚಪ್ಪಲಿ ಕಂಡಿತು. ಕೈ ತಾನಾಗಿ ಕೋಟಿನ ಜೇಬಿಗೆ ಹೋಯಿತು.

ಕಪ್ಪು ಪೊಟ್ಟಣವನ್ನು ತೆಗೆದು ಮೇಜಿನ ಮೇಲಿಟ್ಟಳು. ಅಧಿಕಾರಿ ಕುರ್ಚಿ ಸಮೇತ ಹಿಂದಕ್ಕೆ ಜಿಗಿದರು.

"ಹೆದರಬೇಡಿ ಸಾರ್, ಡಮ್ಮಿ. ನಿಮ್ಮದೇ. ಒಳಗೆ ಕಬ್ಬಿಣ ಇದೆ. ಏಳನೇ ಗೇಟಿಂದ ನನ್ನ ಜೇಬಲ್ಲೇ ಇದೆ. ಎರಡು ಸುತ್ತು ದಾಟಿತು, ಮೇಲೆ ಹೋಯ್ತು, ಕೆಳಗೆ ಬಂತು, ನಿಮ್ಮ ಬಾಗಿಲಲ್ಲಿರೋ ಯಂತ್ರಾನೂ ದಾಟಿತು. ಒಬ್ಬರೂ ಕೇಳಲಿಲ್ಲ. ಮಗಳ ನೀರಿನ ಬಾಟಲಿ ಮಾತ್ರ ಗೇಟಲ್ಲೇ ಸಿಕ್ಕಿಬಿತ್ತು."

ಅಧಿಕಾರಿ ಒಂದು ಫೈಲನ್ನು ಮೆಲ್ಲಗೆ ಪೊಟ್ಟಣದ ಮೇಲೆ ಸರಿಸಿದರು.

"ಆ ಬಾಗಿಲು ಹಾಕಿ."

ಸೂಪರ್‌ವೈಸರ್ ಮುಂದೆ ಬಂದ. ಜರಡಿ ಬಾಗಿಲಿಗೆ ಬೂಟು ಒತ್ತಿ ನಿಂತಳು. "ತೆಗೆದೇ ಇರಲಿ. ನಿಮ್ಮ ಗೇಟುಗಳೆಲ್ಲ ತೆಗೆದೇ ಇವೆಯಲ್ಲ, ಇದೊಂದು ಯಾಕೆ ಮುಚ್ಚಬೇಕು?"

ಪುಸ್ತಕ ಬಿಚ್ಚಿ ಓಣಿಯಲ್ಲಿದ್ದವರಿಗೆಲ್ಲ ಕೇಳುವಂತೆ ಓದಿದಳು. "ಎರಡು ಇಪ್ಪತ್ತು. ಪೊಟ್ಟಣ ಸಿಕ್ಕಿತು. ಬಿಚ್ಚಿ ನೋಡದೆ ಒಳಗೆ ಬಿಟ್ಟೆ. ಪರೀಕ್ಷೆಗೆ ಯಾರು ಬರುತ್ತಾರೆಂದು ಬೆಳಗ್ಗೆಯೇ ಹೇಳಿದ್ದರು."

"ಅದಕ್ಕೆ ಸಾಕ್ಷಿ ಯಾರು?" ಎಂದು ಸೂಪರ್‌ವೈಸರ್ ಕಿರುಚಿದ. "ನಾನು ಹೇಳಿದ್ದನ್ನ ಯಾರು ಕೇಳಿದ್ದಾರೆ? ಹೇಳ್ಲಿ ನೋಡೋಣ!"

ಓಣಿಯಲ್ಲಿ ಎಲ್ಲರೂ ನೆಲ ನೋಡಿದರು. ಹೊರಗೆ ಆಟ ಶುರುವಾಗಿರಬೇಕು. ನಲವತ್ತು ಸಾವಿರ ಗಂಟಲು ಒಟ್ಟಿಗೆ ಕೂಗಿದ ಸದ್ದಿಗೆ ಕಿಟಕಿಯ ಗಾಜು ನಡುಗಿತು.

ಆಮೇಲೆ ಮೀಸೆ ಎರಡು ಹೆಜ್ಜೆ ಮುಂದೆ ಬಂದು ಪುಸ್ತಕದತ್ತ ಕೈ ಚಾಚಿದ.

"ಪೆನ್ ಕೊಡಿ ಅಕ್ಕ."