ತಪಾಸಣಿ ಇಬ್ಬರದೂ ಆಗಲಿ

ಕಮಲಾಪುರದ ಮಲ್ಕಮ್ಮನ ಓಣಿಯಲ್ಲಿ ಅವತ್ತು ಕುಬಸದ ಊಟ. ಎದುರು ಮನೆಯ ಸೊಸೆಗೆ ಏಳು ತಿಂಗಳು. ಓಣಿಯ ಹೆಣ್ಣುಮಕ್ಕಳೆಲ್ಲ ಉಡಿ ತುಂಬಲು ಹೋದರು. ಮಲ್ಕಮ್ಮನಿಗೂ ಕರೆ ಬಂತು. ಅವಳ ಸೊಸೆ ಭಾಗ್ಯಳಿಗೆ ಮಾತ್ರ ಬರಲಿಲ್ಲ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಾಗದವಳನ್ನು ಯಾರು ಕರೀತಾರೆ? ಭಾಗ್ಯ ಒಲೆ ಮುಂದೆ ಕೂತು ರೊಟ್ಟಿ ಬಡಿದಳು.

ಮಲ್ಕಮ್ಮ ಕೆಟ್ಟವಳಲ್ಲ, ದಣಿದವಳು. ಈ ಏಳು ವರ್ಷದಲ್ಲಿ ಸೊಸೆಯನ್ನು ಕರೆದುಕೊಂಡು ಕಲಬುರಗಿ ಬಸ್ಸು ಎಷ್ಟು ಸಲ ಹತ್ತಿದ್ದಳೋ ಅವಳಿಗೇ ನೆನಪಿಲ್ಲ. ರಕ್ತ ತೆಗೆಸಿದ್ದಾಯಿತು, ಸ್ಕ್ಯಾನಿಂಗ್ ಆಯಿತು, ಗರ್ಭನಾಳದ ಎಕ್ಸ್‌ರೇ ಆಯಿತು. ಶಹಾಬಜಾರದ ಗಲ್ಲಿಯೊಳಗೆ ಯಾರೋ ಕೊಟ್ಟ ಪುಡಿ ತಿಂದು ಭಾಗ್ಯ ಮೂರು ದಿನ ವಾಂತಿ ಮಾಡಿಕೊಂಡು ಮಲಗಿದ್ದೂ ಆಯಿತು. ದವಾಖಾನೆಯಲ್ಲಿ ಪ್ರತಿ ಸಲ ಹೇಳುತ್ತಿದ್ದದ್ದು ಒಂದೇ ಮಾತು: "ಈಕಿಗಿ ಏನೂ ತೊಂದ್ರಿ ಕಾಣವಲ್ತು. ಮುಂದಿನ ಸಲ ಗಂಡನ್ನ ಕರ್ಕೊಂಡು ಬರ್ರಿ."

ಆ ಮಾತನ್ನು ಮಲ್ಕಮ್ಮ ಬಸ್ಸಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದಳು, ಭಾಗ್ಯಳಿಗೂ ಹೇಳಗೊಡುತ್ತಿರಲಿಲ್ಲ.

ಈಗ ಅವಳ ಮೊಣಕಾಲು ಹಿಡಿದಿದ್ದವು. ಬಸ್ಸಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ. ಸಾಕಪ್ಪಾ ಅನಿಸಿ, ಮಗ ರೇವಣನಿಗೆ ಇನ್ನೊಂದು ಹೆಣ್ಣು ನೋಡಲು ತವರಿನ ಕಡೆ ಮಾತು ಹಾಕಿದ್ದಳು.

ಮರುದಿನ ಮುಂಜಾನೆ ಆಶಾ ಕಾರ್ಯಕರ್ತೆ ಅಂಜನಾ ಮನೆಗೆ ಬಂದಳು. ರೇವಣ ಅಂಗಳದಲ್ಲಿ ಎಣ್ಣೆ ಹೊಡೆಯುವ ಪಂಪು ತೊಳೆಯುತ್ತಿದ್ದ. ತೊಗರಿ ಹೊಲಕ್ಕೆ, ಬಾಳೆ ತೋಟಕ್ಕೆ ಕೀಟನಾಶಕ ಹೊಡೆಯುವುದೇ ಅವನ ಕೆಲಸ. ಬಾಯಲ್ಲಿ ಯಾವಾಗಲೂ ತಂಬಾಕು.

"ದೊಡ್ಡವ್ವ, ಕಲಬುರಗಿಯ ದೊಡ್ಡ ದವಾಖಾನ್ಯಾಗ ಮಕ್ಕಳಾಗದ ಜೋಡಿಗಳ ಬಗ್ಗೆ ಒಂದು ಅಧ್ಯಯನ ನಡದದ," ಅಂದಳು ಅಂಜನಾ. "ನಮ್ಮ ಕಡಿ ಮಂದಿಗಿ ಏನು ಕಾರಣದಿಂದ ಹಿಂಗಾಗ್ತದ ಅಂತ ಡಾಕ್ಟರ್ ತೂಬಾ ಅನ್ನೋರು ನೋಡ್ಲಾಕತ್ತಾರ. ತಪಾಸಣಿನೂ ಅಲ್ಲೇ ಆಗ್ತದ. ಆದ್ರ ಗಂಡ ಹೆಂಡ್ತಿ ಇಬ್ಬರೂ ಬರಬೇಕು."

ರೇವಣ ತಲೆ ಎತ್ತಿದ. "ಅಧ್ಯಯನ ಅಂದ್ರ ನಮ್ಮ ಮ್ಯಾಲ ಪ್ರಯೋಗ ಮಾಡ್ತಾರೇನಕ್ಕಾ? ನಾವೇನು ಇಲಿ ಆಗೀವೇನು?"

"ಇಲ್ಲೋ ತಮ್ಮಾ. ಇದ್ರಾಗ ಹೊಸ ಔಷಧ ಏನೂ ಕೊಡಂಗಿಲ್ಲ. ಪ್ರಶ್ನಿ ಕೇಳ್ತಾರ, ತಪಾಸಣಿ ಮಾಡ್ತಾರ, ಬರಕೋತಾರ. ಅದಕ್ಕೂ ಮೊದಲು ಒಂದು ಕಾಗದ ಓದಿ ಹೇಳ್ತಾರ. ತಿಳೀಲಿಲ್ಲಂದ್ರ ಮತ್ತ ಕೇಳು. ಒಪ್ಪಿಗಿ ಇದ್ರ ಸಹಿ ಮಾಡು, ಇಲ್ಲಾಂದ್ರ ಬಿಡು. ನಡುವ ಬ್ಯಾಡ ಅನಿಸಿದ್ರೂ ಹೊರಗ ಬರಬಹುದು, ಚಿಕಿತ್ಸೆ ನಿಲ್ಲಂಗಿಲ್ಲ. ನಿನ್ನ ಹೆಸರು ಯಾರಿಗೂ ಹೇಳಂಗಿಲ್ಲ."

"ನನಗೇನಾಗ್ಯಾದ? ದಿನಾ ಪಂಪ್ ಹೊತ್ತು ಹೊಲ ತಿರುಗ್ತೀನಿ."

"ಮೈಯಾಗ ಕಸುವಿರೋದು ಬ್ಯಾರೆ, ವೀರ್ಯದಾಗ ಬೇಕಾದಷ್ಟು ವೀರ್ಯಾಣು ಇರೋದು ಬ್ಯಾರೆ. ಮೀಸಿ ನೋಡಿ ಅದು ತಿಳಿಯಂಗಿಲ್ಲಪ್ಪಾ. ಮಕ್ಕಳಾಗದ ಜೋಡಿಗಳೊಳಗ ಹತ್ತಿರ ಹತ್ತಿರ ಅರ್ಧದಷ್ಟು ಕಡಿ ಗಂಡಸಿಂದೂ ಕಾರಣ ಇರ್ತದ."

"ಹೋಗ್ಲಿ ಬಿಡವ್ವ ಅಂಜನಾ," ಅಂದಳು ಮಲ್ಕಮ್ಮ. "ನನಗೂ ಸಾಕಾಗ್ಯಾದ. ಬ್ಯಾರೆ ಹೆಣ್ಣು ನೋಡ್ಲಾಕತ್ತೀವಿ."

"ಭಾಗ್ಯ ಇರಬೇಕಾದ್ರ ಇನ್ನೊಂದು ಮದಿವಿ ಮಾಡೋದು ಅಪರಾಧ ದೊಡ್ಡವ್ವ."

ಮಲ್ಕಮ್ಮ ಉತ್ತರ ಕೊಡುವ ಮೊದಲೇ ಭಾಗ್ಯ ಬಾಗಿಲಿಗೆ ಬಂದು ನಿಂತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ.

"ಅತ್ತಿ, ಜಗಳಾಡ್ಲಾಕ ನನಗ ಕಸುವು ಉಳದಿಲ್ಲ. ಒಂದೇ ಮಾತು ಕೇಳ್ತೀನಿ. ಬರೋ ಹುಡುಗಿಗೂ ಮಕ್ಕಳಾಗ್ಲಿಲ್ಲಂದ್ರ? ಆಕೀನೂ ಏಳು ವರ್ಷ ಇದೇ ಬಸ್ಸಿನ್ಯಾಗ ತಿರುಗಬೇಕೇನು?"

ರೇವಣ ಪಂಪಿನ ನೀರು ಚೆಲ್ಲಿ, "ಒಂದ್ ಸಲ ಬರ್ತೀನಿ. ಆದ್ರ ತಪಾಸಣಿ ಗಿಪಾಸಣಿ ನನಗ ಬ್ಯಾಡ," ಅಂದ.

ಸೋಮವಾರ ರೇವಣ ತಾಯಿಯ ಕೈ ಹಿಡಿದು ಬಸ್ಸು ಹತ್ತಿಸಿದ, ಮೂವರೂ ಕಲಬುರಗಿಗೆ ಹೋದರು. ದವಾಖಾನೆಯ ಒಂದು ಸಣ್ಣ ಕೋಣೆಯಲ್ಲಿ ಡಾಕ್ಟರ್ ತೂಬಾ ಕೂತಿದ್ದರು. ಅವರು ಕಾಗದ ಓದಿ, ಒಂದೊಂದೇ ಸಾಲು ಬಿಡಿಸಿ ಹೇಳಿದರು. ಭಾಗ್ಯ ಸಹಿ ಮಾಡಿದಳು. ರೇವಣ ಪೆನ್ನು ಮುಟ್ಟಲಿಲ್ಲ. "ಅವಸರ ಇಲ್ಲ, ವಿಚಾರ ಮಾಡ್ರಿ," ಅಂದರು ಡಾಕ್ಟರ್. ಆಮೇಲೆ ಅತ್ತೆಯನ್ನೂ ಪ್ರಶ್ನೆ ಕೇಳಲು ಭಾಗ್ಯಳ ಒಪ್ಪಿಗೆ ಪಡೆದು ಮಲ್ಕಮ್ಮನ ಕಡೆ ತಿರುಗಿದರು.

"ನಿಮ್ಮ ಮನಿತನದಾಗ ಯಾರಿಗಾದ್ರೂ ಮಕ್ಕಳಾಗೋದು ತಡ ಆಗಿತ್ತೇನ್ರೀ ಅಮ್ಮಾ?"

"ನನ್ನ ತಂಗಿ ಶಾರದಾಬಾಯಿಗಿ ಆಗಿತ್ತರೀ ಡಾಕ್ಟರಮ್ಮಾ. ಐದು ವರ್ಷ ನೋಡಿ ಗಂಡನ ಮನಿಯವರು ತವರಿಗಿ ತಂದು ಬಿಟ್ರು."

"ಆಮ್ಯಾಲ?"

"ಆಮ್ಯಾಲ ಹೆಂಡ್ತಿ ಸತ್ತ ಒಬ್ಬರಿಗಿ ಉಡಿಕಿ, ಅಂದ್ರ ಮರುಮದಿವಿ, ಮಾಡಿ ಕೊಟ್ವಿ. ನಾಕು ವರ್ಷದಾಗ ಎರಡು ಮಕ್ಕಳಾದ್ವು."

"ಮೊದಲನೇ ಗಂಡಗ?"

"ಅಂವ ಮತ್ತ ಎರಡು ಮದಿವಿ ಆದ. ಆ ಮನ್ಯಾಗ ತೊಟ್ಟಿಲ ಕಟ್ಟಲೇ ಇಲ್ಲ..."

ಮಲ್ಕಮ್ಮನ ಮಾತು ಅಲ್ಲೇ ನಿಂತಿತು. ಈ ಕಥೆಯನ್ನು ಅವಳು ಎಷ್ಟೋ ಸಲ ಹೇಳಿದ್ದಳು, 'ತಂಗಿಯ ದೈವ ಆಮೇಲೆ ತೆರೆಯಿತು' ಅಂತ. ಆ ಗಂಡನ ಮನೆಯ ಮೂರು ಹೆಂಗಸರನ್ನು ಒಟ್ಟಿಗೆ ಇಟ್ಟು ಒಂದು ಸಲವೂ ಯೋಚಿಸಿರಲಿಲ್ಲ. ಮೂವರಿಗೂ ಆ ಮನೆಯಲ್ಲಿ ಮಗುವಾಗಲಿಲ್ಲ, ಗಂಡ ಮಾತ್ರ ಒಬ್ಬನೇ.

ಹೊರಗೆ ಬಂದಾಗ ಮಲ್ಕಮ್ಮ ಬೆಂಚಿನ ಮೇಲೆ ಕೂತು ಮಗನನ್ನು ಕರೆದಳು.

"ರೇವಣಾ, ಹೋಗಿ ತಪಾಸಣಿ ಮಾಡಿಸ್ಕೊ."

"ಯವ್ವಾ, ಮಂದಿ ಏನಂತಾರ? ಗಂಡಸನ್ನೇ..."

"ಏಳು ವರ್ಷ ಆಕಿ ಮಂದಿ ಮಾತು ಕೇಳ್ಯಾಳ. ಸೂಜಿ ಚುಚ್ಚಿಸ್ಕೊಂಡಾಳ. ಗಂಡನ್ನ ಕರ್ಕೊಂಡು ಬರ್ರಿ ಅಂತ ಡಾಕ್ಟರ್ ಹೇಳಿದ್ದು ನಾನೇ ಮುಚ್ಚಿಟ್ಟೆ. ತಪ್ಪು ನಂದು. ನಿನಗ ಸೂಜಿನೂ ಇಲ್ಲ. ಡಾಕ್ಟರ್ ಓದಿ ಹೇಳಿದ್ರಲ್ಲ, ಒಂದು ಡಬ್ಬ್ಯಾಗ ವೀರ್ಯ ಹಿಡಿದು ಕೊಡೋದು, ಅಷ್ಟೇ."

ರೇವಣ ಹೆಂಡತಿಯ ಕಡೆ ನೋಡಿದ. ಭಾಗ್ಯ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿದ್ದಳು. ಅವಳು ಎಷ್ಟು ಸೊರಗಿದ್ದಾಳೆ ಅಂತ ಅವನು ಅವತ್ತೇ ನೋಡಿದ. ತಿರುಗಿ ಒಳಗೆ ಹೋಗಿ ಸಹಿ ಮಾಡಿದ.

ಮೂರು ದಿನ ಹೆಂಡತಿಯನ್ನು ಕೂಡದೆ ಇದ್ದು ಬರಲು ಡಾಕ್ಟರ್ ಹೇಳಿದರು. ಗುರುವಾರ ಗಂಡ ಹೆಂಡತಿ ಇಬ್ಬರೇ ಹೋಗಿ ಬಂದರು. ವರದಿಯಲ್ಲಿ ವೀರ್ಯಾಣು ಬಹಳ ಕಮ್ಮಿ ಇದ್ದವು. ಒಂದೇ ವರದಿ ನಂಬಿ ಕೂಡಬಾರದು ಅಂತ ಕೆಲವು ವಾರ ಬಿಟ್ಟು ಮತ್ತೊಮ್ಮೆ ನೋಡಿದರು. ಆಗಲೂ ಅಷ್ಟೇ. ವೃಷಣದ ಮೇಲಿನ ರಕ್ತನಾಳ ಉಬ್ಬಿರುವುದೂ ತಪಾಸಣೆಯಲ್ಲಿ ಕಂಡಿತು.

"ಇದು ಬಹಳ ಮಂದಿಗಿ ಇರ್ತದ, ನಾಚಿಕಿ ಪಡೋದು ಏನೂ ಇಲ್ಲ," ಅಂದರು ತೂಬಾ. "ಸಣ್ಣ ಆಪರೇಷನ್ ಮಾಡಬಹುದು. ತಂಬಾಕು ಬಿಡ್ರಿ. ಎಣ್ಣಿ ಹೊಡಿವಾಗ ಕೈಗವಸು, ಮಾಸ್ಕ್, ತುಂಬು ತೋಳಿನ ಅಂಗಿ ಬೇಕೇ ಬೇಕು. ಹೊಸ ವೀರ್ಯಾಣು ತಯಾರಾಗ್ಲಾಕ ಮೂರು ತಿಂಗಳ ಹತ್ತಿರ ಬೇಕು. ಮಕ್ಕಳಾಗೇ ಆಗ್ತಾವ ಅಂತ ನಾ ಮಾತು ಕೊಡಂಗಿಲ್ಲ. ಆದ್ರ ಈಗ ದಾರಿ ಗೊತ್ತಾಗ್ಯಾದ."

ಅವತ್ತು ಸಂಜೆ ರೇವಣ ಹೊಸ್ತಿಲ ಮೇಲೆ ಕೂತು ತಾಯಿಗೆ ಎಲ್ಲ ಹೇಳಿದ. ಮಲ್ಕಮ್ಮ ಬೈಯಲಿಲ್ಲ, ಅಳಲಿಲ್ಲ. ಹೆಣ್ಣು ನೋಡುವ ಮಾತು ಅಲ್ಲಿಗೇ ಮುಗಿಸಿದಳು. ಓಣಿಯವರು ಕೇಳಿದರೆ, "ಇಬ್ಬರಿಗೂ ತೋರಿಸ್ಲಾಕತ್ತೀವಿ," ಅನ್ನತೊಡಗಿದಳು. ರೇವಣ ಆಪರೇಷನ್ ಮಾಡಿಸಿಕೊಂಡ. ಮಗು ಇನ್ನೂ ಆಗಿಲ್ಲ. ಆದರೆ ಈಗ ದವಾಖಾನೆಗೆ ಹೋಗುವ ದಿನ ಫೈಲು ಹಿಡಿದುಕೊಂಡು ಮುಂದೆ ನಡೆಯುವವನು ಅವನೇ.

ಒಂದು ಮಧ್ಯಾಹ್ನ ಮಲ್ಕಮ್ಮ ತಂಗಿಗೆ ಫೋನು ಹಚ್ಚಿಸಿಕೊಂಡಳು.

"ಶಾರದಾ, ನಿನ್ನ ತವರಿಗಿ ತಂದು ಬಿಟ್ಟಾಗ ನಾನೂ ನಿನಗ ಬಂಜಿ ಅಂದಿದ್ದೆ. ತಪ್ಪಾತವ್ವಾ."

ಆ ಕಡೆಯಿಂದ ಶಾರದಾಬಾಯಿ ಅಂದಳು, "ಮೂವತ್ತು ವರ್ಷ ಆತಕ್ಕಾ. ಈ ಮಾತು ಯಾರೂ ಅಂದಿರಲಿಲ್ಲ."

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬಳು ಭಾಗ್ಯ ಇರಬಹುದು. ಒಂದು ವರ್ಷ ಕೂಡಿ ಬಾಳಿದರೂ ಬಸಿರು ನಿಲ್ಲದಿದ್ದರೆ, ಹೆಣ್ಣಿಗೆ ಮೂವತ್ತೈದು ದಾಟಿದ್ದರೆ ಆರೇ ತಿಂಗಳಿಗೆ, ಗಂಡ ಹೆಂಡತಿ ಕೂಡಿ ದವಾಖಾನೆಗೆ ಹೋಗಿ. ಗಂಡಸಿನ ತಪಾಸಣೆ ಸುಲಭ, ಅದನ್ನು ಮೊದಲೇ ಮಾಡಿಸಿ. ಯಾರೋ ಕೊಟ್ಟ ಪುಡಿ ನುಂಗಬೇಡಿ. ಸಂಶೋಧನೆಗೆ ಕರೆದರೆ ಕಾಗದ ಓದಿಸಿಕೊಳ್ಳಿ, ತಿಳಿಯುವ ತನಕ ಕೇಳಿ, ಮನಸ್ಸು ಒಪ್ಪಿದರೆ ಮಾತ್ರ ಸಹಿ ಮಾಡಿ. ನಿಮ್ಮ ಊರಿನ ಆಶಾ ಅಕ್ಕನನ್ನು ಇವತ್ತೇ ಕಾಣಿರಿ. ಏಳು ವರ್ಷ ಕಾಯಬೇಡಿ.