ಗುಡಿಸು ಹೋದ ಹುಳಿ

ನಾನು ಒಂದು ಕರಿಹಲಗೆ. ಪುಕ್ಕಲು ಕರಿಹಲಗೆ ಎಂದರೂ ನನಗೆ ಬೇಸರವಿಲ್ಲ, ಏಕೆಂದರೆ ಅದು ನಿಜ. ನನಗೆ ನೆನಪಿರುವ ಮೊದಲ ಸಂಗತಿಯೇ ಗರಗಸದ ಸದ್ದು. ಮೈಸೂರಿನ ಮಂಡಿ ಮೊಹಲ್ಲಾದ ಒಂದು ಗಲ್ಲಿಯಲ್ಲಿ ಚನ್ನಾಚಾರಿ ಎಂಬ ಬಡಗಿ ನನ್ನನ್ನು ಅಳೆದು, ಕೊಯ್ದು, ಉಜ್ಜಿ, ಸುತ್ತ ಚೌಕಟ್ಟು ಬಡಿದ. ಇದ್ದಿಲ ಪುಡಿಗೆ ತೊಂಡೆಸೊಪ್ಪಿನ ರಸ ಬೆರೆಸಿ ಮೈಗೆಲ್ಲ ಬಳಿದ. ಒಣಗಲೆಂದು ಬಿಸಿಲಿಗೆ ಇಟ್ಟಾಗ ಸೊಪ್ಪಿನ ವಾಸನೆಗೆ ಒಂದು ಮೇಕೆ ಬಂದು ನನ್ನನ್ನು ನೆಕ್ಕಿತು. ಹುಟ್ಟಿದ ದಿನವೇ ಹೀಗಾದರೆ ಮುಂದೆ ಏನು ಗತಿಯೋ ಎಂದು ನಾನು ಆಗಲೇ ಹೆದರಿದ್ದೆ.

ಹೆದರಿಕೆಗೆ ಕಾರಣವೂ ಇದೆ. ನನ್ನ ಮುಖ ನನಗೆ ಕಾಣುವುದಿಲ್ಲ. ಸೀಮೆಸುಣ್ಣ ಮೈಮೇಲೆ ಓಡಾಡುವಾಗ ಕಚಗುಳಿಯಾಗುತ್ತದೆ, ಅಷ್ಟೇ. ಏನು ಬರೆದಿದ್ದಾರೆ ಎಂಬುದನ್ನು ಎದುರಿಗೆ ನಿಂತು ಓದುವವರ ಮುಖ ನೋಡಿಯೇ ತಿಳಿಯಬೇಕು. ಅವರು ನಕ್ಕರೆ ನನಗೆ ಹೋದ ಜೀವ ಬಂದ ಹಾಗೆ. ಹುಬ್ಬು ಗಂಟಿಕ್ಕಿದರೆ ಇದ್ದ ಜೀವವೂ ಹೋದ ಹಾಗೆ. ನಿಮ್ಮ ಹಣೆಯ ಮೇಲೆ ಯಾರೋ ಏನೋ ಬರೆದು ನಿಮ್ಮನ್ನು ಬೀದಿಯಲ್ಲಿ ನಿಲ್ಲಿಸಿದರೆ ಹೇಗಿರುತ್ತದೆ, ನೀವೇ ಯೋಚಿಸಿ.

ಮೊದಲು ನಾನು ಸೇರಿದ್ದು ಲೆಕ್ಕದ ಟ್ಯೂಷನ್ ಹೇಳುತ್ತಿದ್ದ ಒಬ್ಬ ಮೇಷ್ಟ್ರ ಮನೆಗೆ. ಅಲ್ಲಿ ಎಲ್ಲ ಮಕ್ಕಳ ಮುಖವೂ ಒಂದೇ ಥರ ಇರುತ್ತಿತ್ತು, ಈಗ ಅಳುತ್ತೇವೆ ಎನ್ನುವ ಹಾಗೆ. ಮೇಷ್ಟ್ರಿಗೆ ವರ್ಗವಾದಾಗ ನನ್ನನ್ನು ಪಕ್ಕದ ಬೀದಿಯ ನ್ಯಾಯಬೆಲೆ ಅಂಗಡಿಗೆ ಕೊಟ್ಟು ಹೋದರು. ಅಲ್ಲಿ ನನ್ನ ಮೇಲೆ ಬಹಳ ದಿನ ಒಂದೇ ಮಾತು ಇತ್ತು: 'ಸೀಮೆಎಣ್ಣೆ ಬಂದಿಲ್ಲ'. ಖಾಲಿ ಡಬ್ಬ ಹಿಡಿದು ಬಿಸಿಲಲ್ಲಿ ನಡೆದು ಬಂದವರು ಅದನ್ನು ಓದಿದಾಗ ಅವರ ಮುಖ ನೋಡಲು ನನಗೆ ಧೈರ್ಯ ಸಾಲುತ್ತಿರಲಿಲ್ಲ. ಒಬ್ಬ ಸಿಟ್ಟು ತಡೆಯಲಾರದೆ ನನ್ನನ್ನು ಒದ್ದೇಬಿಟ್ಟ. ಬರೆದವನು ಒಳಗೆ ನೆರಳಲ್ಲಿ ಕೂತಿದ್ದ, ಒದೆ ತಿಂದದ್ದು ನಾನು. ಕೆಳಗಿನ ಮೂಲೆಯಲ್ಲಿ ಸೀಳು ಬಿಟ್ಟಿತು, ನಾನು ಗುಜರಿಗೆ ಹೋದೆ.

ಅಲ್ಲಿಂದ ನನ್ನನ್ನು ಎತ್ತಿಕೊಂಡು ಬಂದವರು ವನಜಾಕ್ಷಮ್ಮ. ಕೃಷ್ಣಮೂರ್ತಿಪುರಂನಲ್ಲಿ ಬಾಡಿಗೆ ಮನೆಯ ಮುಂದಿನ ಹಜಾರದಲ್ಲಿ ಅವರ ಮೆಸ್ಸು. ಅವರಿಗೆ ಗಂಡನಿಲ್ಲ, ನಾದಿನಿ ಗಿರಿಜಾಗೆ ಮದುವೆಯಿಲ್ಲ. ಆ ಇಬ್ಬರು ಹೆಂಗಸರ ಬದುಕು ನಡೆಯುತ್ತಿದ್ದದ್ದು ಆ ಒಲೆಯಿಂದಲೇ. ಬೆಳಿಗ್ಗೆ ವನಜಾಕ್ಷಮ್ಮ ಒದ್ದೆ ಬಟ್ಟೆಯಲ್ಲಿ ನನ್ನ ಮೈ ಒರೆಸಿ, ಮಂಡಿಯೂರಿ ಕೂತು, 'ಇಂದಿನ ವಿಶೇಷ' ಬರೆದು ಬಾಗಿಲ ಪಕ್ಕ ಒರಗಿಸುತ್ತಿದ್ದರು. ನೆಲದ ಮೇಲಿನಿಂದ ನನಗೆ ಮೊದಲು ಕಾಣುತ್ತಿದ್ದದ್ದು ಜನರ ಚಪ್ಪಲಿ, ಆಮೇಲೆ ಹೊಟ್ಟೆ, ಕೊನೆಗೆ ಮುಖ.

ಬೇಳೆ ಬೇಯಿಸಿ, ತರಕಾರಿ ಹಾಕಿ, ಹುಣಸೆಹಣ್ಣು ಕಿವುಚಿ ಮಾಡುವುದನ್ನು ಹೋಟೆಲಿನವರು ಸಾಂಬಾರ್ ಎನ್ನುತ್ತಾರೆ. ವನಜಾಕ್ಷಮ್ಮ ಹುಳಿ ಎಂದೇ ಬರೆಯುತ್ತಿದ್ದರು. ಗಿರಿಜಾ ಒಮ್ಮೆ, "ಅತ್ತಿಗೆ, ಹೊರಗಿನೋರಿಗೆ ಗೊತ್ತಾಗಲ್ಲ, ಸಾಂಬಾರ್ ಅಂತ ಬರೀರಿ" ಎಂದಳು. "ನಮ್ಮಮ್ಮ ಏನಂತಿದ್ರೋ ನಾನೂ ಅದೇ ಅನ್ನೋದು. ತಿಂದ್ಮೇಲೆ ಗೊತ್ತಾಗುತ್ತೆ ಬಿಡು" ಎಂದರು ಅವರು.

ಎಲೆ ಖಾಲಿಯಾಗುವವರೆಗೆ ಜನ ಜಗಲಿಯ ಮೇಲೆ, ನನ್ನ ಎದುರಿಗೇ ಕಾಯುತ್ತಿದ್ದರು. ಕಾಯುವವರು ಮಾತಾಡುವುದು ಇನ್ನೇನು, ಊಟ ತಿಂಡಿಯ ವಿಷಯವೇ. ಅದರಲ್ಲಿ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಪುಟ್ಟಸ್ವಾಮಯ್ಯನವರು ನ್ಯಾಯಾಧೀಶರಿದ್ದ ಹಾಗೆ. "ಸರ್ಕಲ್ ಹತ್ರ ಹೊಸ್ದಾಗಿ ಆಗಿದ್ಯಲ್ಲ, ಅಲ್ಲಿ ದೋಸೆ ಪರವಾಗಿಲ್ಲ ಕಣ್ರೀ. ಚಟ್ನಿ ಮಾತ್ರ ಬರೀ ಹುರಿಗಡ್ಲೆ, ಕಾಯಿ ಹುಡುಕ್ಬೇಕು. ಆ ಮೂಲೆ ಅಂಗಡಿ ಕೋಡುಬಳೆ ತಗೋಬೇಡಿ, ಎಣ್ಣೆ ಕಮಟು" ಎನ್ನುತ್ತಿದ್ದರು. "ಹೋಗ್ರೀ, ಅವರ ಕೋಡುಬಳೆ ತಿಂದೇ ನಾವು ಬೆಳೆದಿದ್ದು" ಎಂದು ಇನ್ನೊಬ್ಬರು ರೇಗುತ್ತಿದ್ದರು. ಜಗಳ ಜೋರಾದಾಗ ಯಾರಾದರೂ "ಊಟ ತನ್ನಿಚ್ಛೆ" ಎಂದು ತಣ್ಣಗಾಗಿಸುತ್ತಿದ್ದರು. ಕೇಳಲು ಚೆನ್ನಾಗಿಯೇ ಇರುತ್ತಿತ್ತು. ಆದರೆ ನನಗೆ ಒಳಗೊಳಗೇ ನಡುಕ. ಊರಿನ ಎಲ್ಲ ಅಡುಗೆಮನೆಗಳನ್ನೂ ಹೀಗೆ ಜಾಲಾಡುವ ನಾಲಿಗೆ ಒಂದು ದಿನ ನಮ್ಮ ಕಡೆಗೂ ತಿರುಗಿದರೆ?

ಅಲ್ಲಿಗೆ ಬರುತ್ತಿದ್ದ ಭಾರ್ಗವ ಎಂಬ ಜೆರಾಕ್ಸ್ ಅಂಗಡಿಯವನು ಈ ಜಗಲಿಯ ಹರಟೆಯನ್ನೇ ಫೋನಿಗೆ ಏರಿಸಿದ್ದ. 'ತಿಂಡಿಪೋತರ ಬಳಗ' ಎಂದು ಗುಂಪು ಕಟ್ಟಿದ್ದ. ಎಲ್ಲಿ ಏನು ಚೆನ್ನಾಗಿದೆ, ಎಲ್ಲಿ ಕೆಟ್ಟಿದೆ ಎಂದು ಇಡೀ ಊರು ಅಲ್ಲಿ ಬರೆಯುತ್ತಿತ್ತಂತೆ. ಹುಡುಗ ಕೆಟ್ಟವನಲ್ಲ. ನಗಿಸುವ ಚಪಲ ಸ್ವಲ್ಪ ಜಾಸ್ತಿ.

ಆ ದಿನ ವಿಶೇಷ ನುಗ್ಗೆಕಾಯಿ ಹುಳಿ. ಪುಟ್ಟಸ್ವಾಮಯ್ಯ ಹೊಟ್ಟೆ ತುಂಬ ಉಂಡು, ಎಲೆಯಡಿಕೆ ಬಾಯಿಗೆ ಹಾಕಿಕೊಂಡು ಹೊರಗೆ ಬಂದರು. ಚಪ್ಪಲಿಯ ಹಿಂದಿನ ಪಟ್ಟಿ ಎಳೆದುಕೊಳ್ಳಲು ಬಗ್ಗಿದವರು ಜೋಲಿ ತಪ್ಪದಿರಲೆಂದು ನನ್ನ ಮೇಲೆ ಮೊಣಕೈ ಊರಿದರು. "ಆಹಾ, ಏನ್ ಹುಳಿ ಕಣಮ್ಮ!" ಎಂದು ಒಳಗೆ ಕೇಳುವ ಹಾಗೆ ಕೂಗಿ ಹೊರಟರು. ಅವರ ತೋಳಿಗೆ ಬಿಳಿ ಪುಡಿ ಮೆತ್ತಿದ್ದನ್ನು ನಾನು ನೋಡಿದೆ. ನನ್ನ ಮೈಯಿಂದ ಏನು ಹೋಯಿತೆಂದು ಮಾತ್ರ ತಿಳಿಯಲಿಲ್ಲ.

ಅವರ ಹಿಂದೆಯೇ ಬಂದ ಭಾರ್ಗವ ನನ್ನ ಮುಂದೆ ನಿಂತು ಕಿಸಕ್ಕೆಂದು ನಕ್ಕ. ಫೋನ್ ತೆಗೆದು ನನ್ನ ಪಟ ಹಿಡಿದುಕೊಂಡು ಹೋದ. ನಕ್ಕನಲ್ಲ, ಒಳ್ಳೆಯದೇ ಇರಬೇಕು ಎಂದುಕೊಂಡೆ. ಆದರೆ ಆಮೇಲೆ ಬಂದವರು ನಗಲಿಲ್ಲ. ಒಬ್ಬಾಕೆ ಮೆಟ್ಟಿಲ ತನಕ ಬಂದು, ನನ್ನನ್ನು ಓದಿ, ಸೆರಗಿನಿಂದ ಮೂಗು ಮುಚ್ಚಿಕೊಂಡರು. ಇಬ್ಬರು ಗೆಳೆಯರು ಒಬ್ಬರನ್ನೊಬ್ಬರು ನೋಡಿ ಹಾಗೇ ತಿರುಗಿದರು. ನನಗೆ ನ್ಯಾಯಬೆಲೆ ಅಂಗಡಿಯ ದಿನಗಳು ನೆನಪಾಗಿ ಮೂಲೆಯ ಸೀಳು ಚುರುಗುಟ್ಟಿತು. ನನ್ನ ಮುಖದ ಮೇಲೆ ಏನೋ ಆಗಿದೆ, ಯಾರಾದರೂ ಬಂದು ನೋಡಿರೇ ಎಂದು ಕೂಗಬೇಕೆನ್ನಿಸಿತು. ಹಲಗೆಗೆ ಬಾಯಿ ಎಲ್ಲಿದೆ?

ಕೊನೆಗೆ ಎಲೆ ಎಸೆಯಲು ಬಂದ ಗಿರಿಜಾ ಕಣ್ಣಾಡಿಸಿ ಕಿರುಚಿಕೊಂಡಳು. "ಅತ್ತಿಗೇ! ಇಲ್ಲಿ ಬನ್ನಿ. 'ನುಗ್ಗೆಕಾಯಿ ಹುಳ' ಅಂತಿದೆ! ಗುಡಿಸು ಅಳಿಸಿಹೋಗಿದೆ!"

'ಳ'ಕಾರದ ತಲೆಯ ಮೇಲಿನ ಒಂದು ಸಣ್ಣ ಸುತ್ತು. ಪುಟ್ಟಸ್ವಾಮಯ್ಯನವರ ತೋಳಿನ ಮೇಲೆ ಕೂತು ಅವರ ಮನೆಗೆ ಹೋಗಿದ್ದದ್ದು ಅದು. ವನಜಾಕ್ಷಮ್ಮ ಓಡಿ ಬಂದು ಗುಡಿಸನ್ನು ದಪ್ಪಗೆ ತಿದ್ದಿ, "ಅಯ್ಯೋ ರಾಮ, ಎಷ್ಟು ಜನ ನೋಡಿದ್ರೋ" ಎಂದು ನಕ್ಕರು. ಗಿರಿಜಾಳೂ ನಕ್ಕಳು. ಮೂಗು ಮುಚ್ಚಿಕೊಂಡ ಆ ಹೆಂಗಸಿನ ಮುಖ ಅವರು ನೋಡಿರಲಿಲ್ಲ.

ಭಾರ್ಗವ ಪಟದ ಕೆಳಗೆ, 'ಇವತ್ತಿನ ವಿಶೇಷ ಹುಳ, ಮಾಂಸಾಹಾರಿಗಳಿಗೂ ಸ್ವಾಗತ' ಎಂದು ಬರೆದಿದ್ದನಂತೆ. ನೋಡಿದವರಿಗೆಲ್ಲ ತಮಾಷೆ ಅರ್ಥವಾಗಿತ್ತು. ಆದರೆ ಕೈಯಿಂದ ಕೈಗೆ ಹೋಗುವಾಗ ಪಟ ಎಲ್ಲೋ ಉದುರಿಹೋಯಿತು, ಮಾತು ಮಾತ್ರ ಉಳಿಯಿತು. ಮಾರನೆಯ ದಿನ ಜಗಲಿಯ ಮುಂದೆ ಹಾದು ಹೋಗುತ್ತಿದ್ದ ಒಬ್ಬ ಫೋನ್ ನೋಡಿ ಜೊತೆಯವನಿಗೆ ಗಟ್ಟಿಯಾಗಿ ಓದಿ ಹೇಳಿದ: "ವನಜಾಕ್ಷಿ ಮೆಸ್ಸಿನ ನುಗ್ಗೆಕಾಯಲ್ಲಿ ಹುಳ, ಹುಷಾರು." ನುಗ್ಗೆಮರದ ತುಂಬ ಕಂಬಳಿಹುಳ ಮುತ್ತುವುದನ್ನು ಯಾರು ನೋಡಿಲ್ಲ? ಅವನು ನಂಬಿದ. ನಾನಾಗಿದ್ದರೂ ನಂಬುತ್ತಿದ್ದೆ.

ಆಮೇಲೆ ಕಣ್ಣಾರೆ ಕಂಡವರು ಹುಟ್ಟಿಕೊಂಡರು. "ನಮ್ಮ ಭಾವಮೈದನ ಎಲೇಲೇ ಬಂತಂತೆ ರೀ. ಕೇಳಿದ್ದಕ್ಕೆ ಆ ಯಮ್ಮ ಜೋರು ಮಾಡಿದ್ಲಂತೆ." ಕ್ಯಾರಿಯರ್ ತರಿಸಿಕೊಳ್ಳುತ್ತಿದ್ದ ಮನೆಗಳು ಒಂದೊಂದಾಗಿ ಬೇಡವೆಂದವು. ನಗರಪಾಲಿಕೆಯಿಂದ ಒಬ್ಬರು ಬಂದು, ಪಾತ್ರೆ ತೆಗೆಸಿ ನೋಡಿ, ನೀರು ನೋಡಿ, "ಏನೂ ತೊಂದ್ರೆ ಇಲ್ಲಮ್ಮ, ಚೊಕ್ಕಟವಾಗಿದೆ" ಎಂದು ಹೇಳಿ ಹೋದರು. ಆದರೆ ಅವರ ಜೀಪು ಬಾಗಿಲಲ್ಲಿ ನಿಂತಿತ್ತಲ್ಲ, ಎದುರು ಮನೆಯ ಮಹಡಿಯಿಂದ ಯಾರೋ ಅದರ ಪಟ ಹಿಡಿದರು. ಈಗ ಮಾತಿಗೆ ಪಟವೂ ಸಿಕ್ಕಿತು. ದಾಳಿ ಆಯಿತಂತೆ ಎಂದು ಸುದ್ದಿ ಹರಡಿತು.

ಪುಟ್ಟಸ್ವಾಮಯ್ಯ ಬಿಡಲಿಲ್ಲ. ಜಗಲಿಯ ಮೇಲೆ ಕೂತು, ಕನ್ನಡಕ ಮೂಗಿನ ತುದಿಗೆ ತಂದುಕೊಂಡು, ಬಳಗದಲ್ಲಿ ಉದ್ದುದ್ದ ಬರೆದರು. "ನೋಡಮ್ಮ, ನಿಂಗೆ ಪುಕ್ಕಟೆ ಊಟ ಹಾಕ್ತಾರಾ ತಾತ ಅಂತ ಕೇಳ್ತಾವೆ ಮುಂಡೇವು" ಎಂದು ಫೋನನ್ನು ವನಜಾಕ್ಷಮ್ಮನವರ ಮುಂದೆ ಹಿಡಿದರು. ಆ ಗುಡಿಸನ್ನು ಒಯ್ದ ತೋಳು ತಮ್ಮದೇ ಎಂದು ಅವರಿಗೆ ತಿಳಿದಿದ್ದರೆ ಏನಾಗುತ್ತಿದ್ದರೋ. ತಿಳಿಯದಿರಲಿ ಎಂದು ನಾನು ದೇವರಿಗೆ ಹರಕೆ ಹೊತ್ತೆ.

ನನಗೆ ಎಲ್ಲಕ್ಕಿಂತ ಭಯವಾದದ್ದು ಇದ್ಯಾವುದೂ ಅಲ್ಲ. ಒಂದು ಬೆಳಿಗ್ಗೆ ವನಜಾಕ್ಷಮ್ಮ ನನ್ನ ಪಕ್ಕದ ಮೆಟ್ಟಿಲ ಮೇಲೆ ನುಗ್ಗೆಕಾಯಿ ರಾಶಿ ಹಾಕಿಕೊಂಡು ಕೂತರು. ಒಂದೊಂದನ್ನೂ ಉದ್ದಕ್ಕೆ ಸೀಳಿ, ಬೆಳಕಿಗೆ ಹಿಡಿದು, ಬೀಜ ಬಿಡಿಸಿ ನೋಡುತ್ತಿದ್ದರು. ಹಾಗೆ ಸೀಳಿದ ಮೇಲೆ ಅದು ಹುಳಿಗೆ ಬರುವುದಿಲ್ಲ. ಬುಟ್ಟಿ ಖಾಲಿಯಾದರೂ ಒಂದು ಹುಳವೂ ಸಿಗಲಿಲ್ಲ. ಅವರಿಗೆ ಸಮಾಧಾನವಾಗಲಿಲ್ಲ.

"ಗಿರಿಜಾ" ಎಂದು ಮೆಲ್ಲಗೆ ಕರೆದರು. "ನಿಜವಾಗ್ಲೂ ಇತ್ತೇನೇ?"

"ಏನ್ ಅತ್ತಿಗೆ ನೀವು! ಅಳಿಸಿದ್ದು ಗುಡಿಸು ಅಂತ ನಾವೇ ನೋಡಿದ್ವಲ್ಲ."

"ನೋಡಿದ್ವು. ಆದ್ರೂ ಅಷ್ಟು ಜನ ಹೇಳ್ತಾರಲ್ಲೇ."

ಗಿರಿಜಾ ಸೀಳಿದ ನುಗ್ಗೆಕಾಯನ್ನೆಲ್ಲ ಬುಟ್ಟಿಗೆ ತುಂಬಿ ಒಳಗೆ ಒಯ್ದಳು. ಅವತ್ತಿನಿಂದ ವನಜಾಕ್ಷಮ್ಮ ತಾವು ಮಾಡಿದ ಹುಳಿಯನ್ನು ತಾವು ಬಡಿಸಿಕೊಳ್ಳುವುದು ಬಿಟ್ಟರು. ಮಜ್ಜಿಗೆ ಅನ್ನ ತಿಂದು ಏಳುತ್ತಿದ್ದರು. ಸ್ವಂತ ಕೈಯನ್ನೇ ನಂಬದ ಮನುಷ್ಯರನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಭಾರ್ಗವ ತಲೆ ತಗ್ಗಿಸಿಕೊಂಡು ಬಂದ. "ಆಂಟಿ, ಸುಮ್ನೆ ತಮಾಷೆಗೆ ಹಾಕ್ದೆ. ತಪ್ಪಾಯ್ತು ಅಂತ ಎಲ್ಲಾರ್ಗೂ ಬರ್ದಿದೀನಿ" ಎಂದ.

"ಜನ ಓದಿದ್ರಾ?" ಎಂದರು ವನಜಾಕ್ಷಮ್ಮ.

ಅವನು ಕಾಲುಂಗುಟದಿಂದ ನೆಲ ಕೆರೆದ. "ತಪ್ಪಾಯ್ತು ಅನ್ನೋದನ್ನ ಯಾರೂ ಮುಂದಕ್ಕೆ ಕಳ್ಸಲ್ಲ ಆಂಟಿ."

ವನಜಾಕ್ಷಮ್ಮ ಬೈಯಲಿಲ್ಲ. ಒಳಗೆ ಕರೆದು ಊಟ ಹಾಕಿದರು. ಅವನು ಎಲೆಯ ಮುಂದೆ ಕಣ್ಣೊರೆಸಿಕೊಂಡು ಉಂಡನಂತೆ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚುವುದು ಹೇಗೆ? ಮಾರನೆಯ ಬೆಳಿಗ್ಗೆ ಅವರು ನನ್ನ ಮುಂದೆ ಮಂಡಿಯೂರಿ ಕೂತರು. ಸೀಮೆಸುಣ್ಣ ನನ್ನ ಮೈ ಮುಟ್ಟಿತು, ನಿಂತಿತು, ಮತ್ತೆ ಓಡಿತು. ಅಪರಿಚಿತವಾದ ಕಚಗುಳಿ. ಗಿರಿಜಾ ಹಿಂದಿನಿಂದ ಓದಿದಳು: "ಇಂದಿನ ವಿಶೇಷ, ತರಕಾರಿ ಸಾಂಬಾರ್." ಓದಿದವಳು ಅತ್ತಿಗೆಯ ಮುಖ ನೋಡದೆ ಒಳಗೆ ಹೋದಳು.

ಜನ ನಿಧಾನವಾಗಿ ಮರಳಿದರು. ಊರಿಗೆ ಹೊಸ ಸುದ್ದಿಗಳು ಸಿಕ್ಕವು, ಬೇರೆ ಯಾವುದೋ ಅಂಗಡಿಯ ಮೇಲೆ ನಾಲಿಗೆ ತಿರುಗಿತು. ಮೆಸ್ಸು ಉಳಿಯಿತು, ಇಬ್ಬರ ಬದುಕೂ ಉಳಿಯಿತು. ಆದರೆ ಕೈಬರಹಕ್ಕೆ ಹೆದರಿದ ವನಜಾಕ್ಷಮ್ಮ ಭಾರ್ಗವನಿಂದಲೇ ಬಣ್ಣದ ಫ್ಲೆಕ್ಸ್ ಮಾಡಿಸಿ ಬಾಗಿಲಿಗೆ ತೂಗುಹಾಕಿದರು. ಅದರ ಅಕ್ಷರ ಯಾರ ಮೊಣಕೈಗೂ ಅಳಿಸುವುದಿಲ್ಲ. ನನ್ನನ್ನು ಒಳಗೆ, ಅಕ್ಕಿ ಮೂಟೆಗಳ ಹಿಂದೆ ಗೋಡೆಗೆ ಒರಗಿಸಿದರು.

ಈಗ ನಾನು ಮುದುಕ. ಬಳಿದ ಕಪ್ಪೆಲ್ಲ ಚಕ್ಕೆ ಏಳುತ್ತಿದೆ, ಗೆದ್ದಲು ಯಾವಾಗ ಬರುತ್ತದೋ ಎಂಬ ಹೊಸ ಹೆದರಿಕೆ ಶುರುವಾಗಿದೆ. ನನ್ನ ಮೈಮೇಲೆ ಏನೂ ಬರೆದಿಲ್ಲ, ನನ್ನನ್ನು ಓದುವವರೂ ಇಲ್ಲ. ನೆಮ್ಮದಿಯಾಗಿರಬೇಕಿತ್ತು. ಜನ ರುಚಿ ನೋಡಿ ಮಾತಾಡುವುದು ತಪ್ಪಲ್ಲ. ಆ ಮಾತಿನಿಂದಲೇ ಎಷ್ಟೋ ಒಲೆ ಉರಿಯುತ್ತವೆ. ರುಚಿಯೇ ನೋಡದೆ ಆಡಿದ ಮಾತು ಮಾತ್ರ ಎಷ್ಟು ಕಾಲ ಮನೆಯೊಳಗೆ ಇರುತ್ತದೆ ಎಂಬುದು ಈ ಕತ್ತಲ ಮೂಲೆಗೆ ಬಂದ ಮೇಲೆಯೇ ನನಗೆ ತಿಳಿದದ್ದು.

ಮೊನ್ನೆ ನಂಜನಗೂಡಿನ ಕಡೆಯ ಒಬ್ಬ ಅಜ್ಜಿ ಊಟಕ್ಕೆ ಬಂದಿದ್ದರು. ಹಳೆಯ ಕಥೆ ಅವರಿಗೆ ಏನು ಗೊತ್ತು? ಹಜಾರದಿಂದ ಅವರ ದನಿ ನನಗೆ ಸ್ಪಷ್ಟವಾಗಿ ಕೇಳಿತು. "ತಾಯಿ, ನಮ್ಮವ್ವ ಸತ್ತ ಮೇಲೆ ಇಂಥಾ ಹುಳಿ ಉಂಡಿರ್ನಿಲ್ಲ ಕಣವ್ವಾ. ಇನ್ನೊಂದ್ ಸೌಟು ಹುಳಿ ಬುಡು."

ಸೌಟು ಬಕೆಟ್ಟಿನೊಳಗೆ ಠಣ್ಣೆಂದು ಬಿತ್ತು. ಇಷ್ಟು ವರ್ಷ ಒಲೆಯ ಮುಂದೆ ನಿಂತವರಿಗೆ ಇದಕ್ಕಿಂತ ದೊಡ್ಡ ಮಾತು ಯಾರು ಹೇಳಿಯಾರು? ವನಜಾಕ್ಷಮ್ಮ ಏನು ಹೇಳುತ್ತಾರೋ ಎಂದು ನಾನು ಕಿವಿಗೊಟ್ಟೆ.

"ಅಜ್ಜೀ, ಮೆಲ್ಲಗೆ" ಎಂದರು ಅವರು, ಉಸಿರು ಹಿಡಿದ ದನಿಯಲ್ಲಿ. "ಸಾಂಬಾರ್ ಅನ್ನಿ."