ಹಳೆ ದಕ್ಕೆಗೆ ಅಡ್ಡ ಬಿದ್ದ ಬೀಮು

ರಬಕವಿಯ ಹೊಳೆದಂಡೆಯ ಹಳೆ ದಕ್ಕೆಗೆ ಅಧಿಕಾರಿ ಅಂತ ಯಾರೂ ಇರಲಿಲ್ಲ. ಅದಕ್ಕೇ ರಾಮಲಿಂಗಪ್ಪನವರು ತಾವೇ ಆ ಭಾರ ಹೊತ್ತಿದ್ದರು. ಸಂಬಳವಿಲ್ಲ, ಮಾಡಿ ಎಂದವರೂ ಇಲ್ಲ. ಅಂಥ ಕೆಲಸವನ್ನೇ ಮನುಷ್ಯ ನಿಷ್ಠೆಯಿಂದ ಮಾಡುತ್ತಾನೆ. ದಿನಾ ಬೆಳಿಗ್ಗೆ ಎಂಟಕ್ಕೆ ಚಹಾ ಕುಡಿದು ಬಂದು, ಮೇಲಿನ ಕಲ್ಲುಮೆಟ್ಟಿಲ ಮೇಲೆ ಕೂತು, ಆಚೆ ದಂಡೆಯಿಂದ ಬರುವ ಬಾರ್ಜನ್ನು ಹಣೆಗೆ ಕೈ ಹಚ್ಚಿ ನೋಡುತ್ತಿದ್ದರು. ಜನ ಅದನ್ನು ಬಾರ್ಜ್ ಅಂದರೂ ಇವರ ಪಾಲಿಗೆ ಅದು ಹಡಗು. ಒಮ್ಮೆ ಮುಂಬೈಗೆ ಹೋದಾಗ ನಿಜವಾದ ಹಡಗು ನೋಡಿ ಬಂದವರಿಗೆ ಅಷ್ಟೂ ಹಕ್ಕಿಲ್ಲವೇ? ಅದರಲ್ಲಿ ಸರಕು ತುಂಬಿದ ಸಾವಿರ ಕಬ್ಬಿಣದ ಡಬ್ಬಿ. ಇದರಲ್ಲಿ ಕಬ್ಬಿನ ಟ್ರ್ಯಾಕ್ಟರು, ನೂಲಿನ ಗಂಟು, ಹತ್ತು ಮೋಟರ್‌ಸೈಕಲ್ಲು, ನಾಲ್ಕು ಆಡು. ಸರಕು ಎಂದ ಮೇಲೆ ಸರಕೇ. ಪಕ್ಕದಲ್ಲಿ ಅರ್ಧಕ್ಕೆ ನಿಂತ ಸೇತುವೆಯ ಕಂಬಗಳು ಎಂಟು ವರ್ಷದಿಂದ ನೀರಲ್ಲಿ ನಿಂತು ಅವರಷ್ಟೇ ಶ್ರದ್ಧೆಯಿಂದ ಹಡಗು ನೋಡುತ್ತಿದ್ದವು.

ಆ ದಿನ ಮಾತ್ರ ನೋಡುವುದಕ್ಕೊಂದು ಕಾರಣವಿತ್ತು. ಮೊಮ್ಮಗಳು ಸ್ನೇಹಾ ಆಚೆ ದಂಡೆಯ ಅತ್ತೆಯ ಮನೆಯಿಂದ ಬರುವವಳಿದ್ದಳು. ಹನ್ನೊಂದಕ್ಕೆ ಜಮಖಂಡಿಯಲ್ಲಿ ಅವಳ ನೌಕರಿಯ ಕಾಗದಪತ್ರ ನೋಡುವುದಿತ್ತು. ತಡವಾದರೆ ಪಟ್ಟಿಯಲ್ಲಿ ಅವಳ ನಂತರದವರನ್ನು ಕರೆಯುತ್ತಾರೆ. ಒಂಬತ್ತೂವರೆಯ ಬಸ್ಸು ದಕ್ಕೆಯ ಮೇಲೇ ನಿಂತಿತ್ತು. ಅದು ತಪ್ಪಿದರೆ ಇನ್ನೊಂದು ಬರುವುದು ಹನ್ನೊಂದಕ್ಕೇ. ರಾಮಲಿಂಗಪ್ಪನವರು ಹನ್ನೆರಡು ವರ್ಷದ ಹಿಂದೆ ಮನೆಯ ನಾಲ್ಕೂ ಮಗ್ಗ ಮಾರಿ ಓದಿಸಿದ್ದು ಇವಳನ್ನೇ.

ಹಡಗು ಬಂದು ದಕ್ಕೆಗೆ ಗುದ್ದಿತು. ಗುದ್ದಿದ ಏಟಿಗೆ ಒಂದು ಬೀಮು, ಅಂದರೆ ಮಗ್ಗಕ್ಕೆ ಹೂಡುವ ಹಾಸಿನ ಉದ್ದೆಳೆಗಳನ್ನು ತುಂಬ ಸುತ್ತಿದ ಉದ್ದನೆಯ ಕೊಳವೆ, ಉರುಳಿ ಹಡಗಿನ ಬಾಗಿಲಿಗೆ ಅಡ್ಡ ಬಿತ್ತು. ಹಿಂದಿದ್ದ ಟ್ರ್ಯಾಕ್ಟರು ಗೇಣು ಜಾರಿ ಅದರ ತುದಿಯನ್ನು ಒತ್ತಿ ನಿಂತಿತು. ಕೀಲಿ ಎಷ್ಟು ತಿರುವಿದರೂ ಟ್ರ್ಯಾಕ್ಟರು ಚಾಲೂ ಆಗಲಿಲ್ಲ, ಬೀಮು ಅಲುಗಲಿಲ್ಲ.

ಬೇರೆ ಊರಾಗಿದ್ದರೆ ಜನ ಜಿಗಿದು ಹೋಗುತ್ತಿದ್ದರು. ಆದರೆ ಹಡಗಿನಲ್ಲಿದ್ದವರೆಲ್ಲ ನೇಕಾರ ಮಂದಿ. ಹಾಸು ದಾಟಿದವರ ಮನೆಯ ಮಗ್ಗ ನಿಲ್ಲುತ್ತದೆ ಅಂತ ತೊಟ್ಟಿಲ ಕೂಸಿಗೂ ಗೊತ್ತು. ಮೂವತ್ತು ಜನ ಮೊಳಕಾಲೆತ್ತರದ ಬೀಮಿನ ಮುಂದೆ ಕೋಟೆಗೋಡೆ ಕಂಡವರ ಹಾಗೆ ನಿಂತರು. ಅವಸರದಲ್ಲಿದ್ದ ಮಾಸ್ತರರೊಬ್ಬರು ಮಾತ್ರ ಮೆಲ್ಲಗೆ ಕಾಲೆತ್ತಿದರು.

“ಏ, ಯಾರೂ ದಾಟಬ್ಯಾಡ್ರಿ!” ರಾಮಲಿಂಗಪ್ಪನವರು ಮೆಟ್ಟಿಲಿಂದಲೇ ಗುಡುಗಿದರು. ಮಾಸ್ತರರ ಕಾಲು ಕೆಳಗಿಳಿಯಿತು.

“ಮತ್ತೇನ್ ಮಾಡೂಣ್ರಿ ಕಾಕಾ?” ಬಾರ್ಜ್ ನಡೆಸುವ ರೇವಪ್ಪ ಕೇಳಿದ.

“ಹಡಗ ತಿರುಗಸು. ಹಿಂದಿನ ಬಾಗಲಾ ಈ ಕಡಿ ಹಚ್ಚು.”

“ಅರ್ಧಾ ತಾಸ ಬೇಕ್ರಿ!”

“ತಗೋ. ಪದ್ಧತಿಕಿಂತ ಅರ್ಧಾ ತಾಸ ದೊಡ್ಡದೇನಲೇ?”

ಮಾತು ಅವರಿಗೇ ಬಹಳ ಹಿಡಿಸಿತು. ಅಷ್ಟರಲ್ಲಿ ಕಬ್ಬಿನ ಹೇರಿನ ಹಿಂದಿನಿಂದ ಫೈಲು ಹಿಡಿದ ಕೈಯೊಂದು ಮೇಲೆದ್ದಿತು.

“ಅಜ್ಜಾ! ಬಸ್ಸ ಹೊಂಟೈತಿ!”

ರಾಮಲಿಂಗಪ್ಪನವರು ಎದ್ದು ನಿಂತರು. ಸ್ನೇಹಾ ಜನರನ್ನು ಸರಿಸುತ್ತ ಬೀಮಿನ ತನಕ ಬಂದು ನಿಂತಳು. ದಾಟಲಿಲ್ಲ, ಅಜ್ಜನ ಮುಖ ನೋಡಿದಳು. ಮೇಲೆ ಕಂಡಕ್ಟರ್ ಸೀಟಿ ಊದಿದ. ಈಗಷ್ಟೇ ಬಿಗಿದ ಪದ್ಧತಿಯ ಗಂಟನ್ನು ಮೂವತ್ತು ಜನರ ಎದುರು ಬಿಚ್ಚುವುದು ಹೇಗೆ ಅಂತ ದಕ್ಕೆಯ ಈ ಅಧಿಕಾರಿಗಳಿಗೆ ತಿಳಿಯಲಿಲ್ಲ.

“ಬೀಮ ನಂದ್ರಿ,” ಅಂದಳು ಬೀಮಿನ ಪಕ್ಕದಲ್ಲಿ ಕೂತಿದ್ದ ನೇಕಾರ್ತಿ ಮಾದೇವಿ, ಎಲೆ ಅಡಿಕೆ ಅಗಿಯುತ್ತ. “ನನ್ನ ಕೇಳದನ ತೀರ್ಪ ಕೊಟ್ರಿ. ದಾಟಿದ್ರ ಮಗ್ಗ ನಿಲ್ಲತೈತಿ, ಖರೆ. ನಿಮ್ಮ ಮನ್ಯಾಗ ನಿಲ್ಲಾಕ ಮಗ್ಗರ ಎಲ್ಲೈತ್ರಿ?”

ಹಡಗಿಗೆ ಹಡಗೇ ನಕ್ಕಿತು. ರಾಮಲಿಂಗಪ್ಪನವರಿಗೆ ಸಿಟ್ಟು ಬರಲಿಲ್ಲ, ನಾಚಿಕೆಯಾಯಿತು. ಆ ಮಾತು ಅವರ ಮನೆಯೊಳಗೇ ಹನ್ನೆರಡು ವರ್ಷದಿಂದ ಇತ್ತು, ಯಾರೂ ಬಾಯಿಬಿಟ್ಟು ಆಡಿರಲಿಲ್ಲ.

“ದಾಟು ಅಂತ ನೀನರ ಹೇಳವ್ವಾ,” ಅಂದರು ಮಾದೇವಿಗೆ.

“ನಾ ಯಾಕ ಹೇಳಲಿ? ತಡದೋರು ನೀವು.”

ಬಸ್ಸು ಗುರುಗುಟ್ಟಿತು.

“ದಾಟವ್ವಾ,” ಅಂದರು. ದನಿ ಏಳಲಿಲ್ಲ. ಕೆಮ್ಮಿ, ಎಲ್ಲರಿಗೂ ಕೇಳುವ ಹಾಗೆ ಇನ್ನೊಮ್ಮೆ ಅಂದರು: “ಸ್ನೇಹಾ, ದಾಟವ್ವಾ!”

ಸ್ನೇಹಾ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದಳು. ಬಾಗಿ ಎಳೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ದಾಟಿದಳು. ಬರಿಗಾಲಲ್ಲೇ ಮೆಟ್ಟಿಲು ಹತ್ತಿ ಓಡಿ ಬಸ್ಸಿನ ಬಾಗಿಲು ಹಿಡಿದಳು. ಎಳೆಗೆ ಹಾಗೆ ನಮಸ್ಕರಿಸಬೇಕು ಅಂತ ಅವಳಿಗೆ ಯಾವಾಗ ಕಲಿಸಿದ್ದೆವೋ ರಾಮಲಿಂಗಪ್ಪನವರಿಗೆ ನೆನಪಾಗಲಿಲ್ಲ.

ಅವಳ ಬೆನ್ನಿಗೇ ಮೂವತ್ತು ಜನರೂ ಕೈ ಮುಗಿದು ದಾಟಿದರು. ಮಾಸ್ತರರು ಎರಡು ಸಲ ಮುಗಿದರು. “ಮತ್ತ ಹಡಗ ತಿರುಗಸೂದ ಬ್ಯಾಡೇನ್ರಿ ಕಾಕಾ?” ಅಂತ ರೇವಪ್ಪ ವಿನಯದಿಂದ ಕೇಳಿದ.

ರಾಮಲಿಂಗಪ್ಪನವರು ಕೆಳಗಿಳಿದು ಬೀಮಿನ ಪಕ್ಕ ಕುಕ್ಕರಗಾಲಲ್ಲಿ ಕೂತರು. ಉರುಳಿದಾಗ ಹತ್ತಿದ ರಾಡಿಯನ್ನು ಧೋತರದ ಚುಂಗಿನಿಂದ ಒರೆಸಿದರು. ಒಂದು ಕಡೆ ಎಳೆ ಹರಿದಿತ್ತು. ಕಣ್ಣು ಬಸ್ಸು ಹೋದ ದಾರಿಯ ಮೇಲಿದ್ದರೂ ಬೆರಳುಗಳು ಎರಡು ತುದಿಗಳನ್ನು ಹುಡುಕಿ, ಹೊಸೆದು, ಗಂಟು ಹಾಕಿದವು.

ಮಾದೇವಿ ಗಂಟನ್ನು ಉಗುರಿನಿಂದ ಜಗ್ಗಿ ನೋಡಿದಳು. ಬಿಚ್ಚಲಿಲ್ಲ.

“ಕೈ ಮರತಿಲ್ಲಲ್ರಿ,” ಅಂದಳು.

“ಮರತಿದ್ರ ಛಲೋ ಇತ್ತವ್ವಾ,” ಅಂದರು ರಾಮಲಿಂಗಪ್ಪನವರು.